ಎನ್ರಾನ್ ಪ್ರಕರಣ: ದೋಷಿಗೂ ನ್ಯಾಯ ಸಲ್ಲಬೇಕಲ್ಲವೇ?

ಎನ್ರಾನ್ ಎಂಬ ಹೆಸರು ನಮ್ಮ ಹಿರಿಯ ವಾಚಕರಿಗೆ ಹೊಸದೇನೂ ಅಲ್ಲ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರದ ಬಳಿ ದಾಭೋಳ ವಿದ್ಯುತ್ ಯೋಜನೆಯನ್ನು ಕೈಗೊಂಡಿದ್ದ ಅಮೆರಿಕದ ಕಂಪನಿಯದು. 1993ರಲ್ಲಿ ಒಪ್ಪಂದ, 1995ರಲ್ಲಿ ಹೊಸ ಸರಕಾರದಿಂದ ಅದರ ರದ್ದತಿ, ಬಳಿಕ ಮರುಸಂಧಾನ, 2001ರಲ್ಲಿ ಸ್ಥಾವರವೇ ಸ್ತಬ್ಧ. ಈ ಸುದ್ದಿಗಳನ್ನು ಆ ದಿನಗಳಲ್ಲಿ ಓದದವರು ವಿರಳ. ಆದರೆ ನಾವಿಂದು ಹೇಳಹೊರಟಿರುವುದು ದಾಭೋಳದ ಕಥೆಯನ್ನಲ್ಲ. ಅದೇ ಕಂಪನಿಯ ಮುಖ್ಯಸ್ಥರಿಗೆ ಅವರ ತಾಯ್ನಾಡಿನ ನ್ಯಾಯಾಲಯವು ವಿಧಿಸಿದ ಶಿಕ್ಷೆಯು ನ್ಯಾಯವಾದುದೇ ಎಂಬ ಬಗ್ಗೆ ಅಲ್ಲಿ ಎದ್ದ ಚರ್ಚೆಯನ್ನು. ವಂಚಕನೆಂದು ಲೋಕವೇ ಬೆರಳು ತೋರಿಸುವ ಮನುಷ್ಯನಿಗೆ ನ್ಯಾಯದ ಕಟಕಟೆಯಲ್ಲಿ ಎಷ್ಟು ಪಾಲು ಸಲ್ಲಬೇಕು? ಪ್ರಶ್ನೆ ಅಮೆರಿಕದ್ದಾದರೂ ಮನನಕ್ಕೆ ತಕ್ಕುದಾಗಿದೆ.

1985ರಲ್ಲಿ ಎರಡು ಅನಿಲ ಕಂಪನಿಗಳ ವಿಲೀನದಿಂದ ಹುಟ್ಟಿದ ಎನ್ರಾನಿನ ಮುಖ್ಯ ಕಚೇರಿ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿತ್ತು. ಅಧ್ಯಕ್ಷನಾದ ಕೆನೆತ್ ಲೇ ಮಿಸ್ಸೋರಿಯ ಬಡ ಧರ್ಮಬೋಧಕನೊಬ್ಬನ ಮಗ. ಅವನ ಬಲಗೈಯಾಗಿ ಬೆಳೆದವನು ಹಾರ್ವರ್ಡಿನಲ್ಲಿ ಓದಿದ ಜೆಫ್ರಿ ಸ್ಕಿಲ್ಲಿಂಗ್. ಈತನ ಕಾಲದಲ್ಲಿ ಕಂಪನಿಯು ಒಂದು ವಿಚಿತ್ರ ಲೆಕ್ಕಪದ್ಧತಿಯನ್ನು ಅವಲಂಬಿಸಿತು. ನಮ್ಮ ಮಲೆನಾಡಿನ ರೈತನೊಬ್ಬನು ಈ ವರುಷ ಅಡಿಕೆ ಸಸಿಯನ್ನು ನೆಟ್ಟು, ಮುಂದಿನ ಇಪ್ಪತ್ತು ವರುಷಗಳಲ್ಲಿ ಬರಬಹುದಾದ ಫಸಲಿನ ಬೆಲೆಯನ್ನೆಲ್ಲ ತಾನೇ ಅಂದಾಜು ಮಾಡಿ, ಅದನ್ನು ಈ ವರುಷದ ಆದಾಯವೆಂದು ಬರೆದುಕೊಂಡರೆ ಹೇಗಾದೀತು? ಎನ್ರಾನ್ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಸೋಜಿಗವೆಂದರೆ ಆ ಪದ್ಧತಿಗೆ ಕಾನೂನಿನ ಒಪ್ಪಿಗೆಯಿತ್ತು. ಫಸಲು ಕೈಗೆ ಬಾರದೆ ಹೋದಾಗ ಆ ನಷ್ಟವನ್ನು ಮುಚ್ಚಿಡಲು ಹಣಕಾಸಿನ ಅಧಿಕಾರಿ ಆಂಡ್ರ್ಯೂ ಫಾಸ್ಟೋ ಎಂಬವನು ಉಪಸಂಸ್ಥೆಗಳ ಬಲೆಯೊಂದನ್ನು ಹೆಣೆದನು. ಆ ಬಲೆಯಿಂದ ತಾನೇ ಮೂರು ಕೋಟಿ ಡಾಲರುಗಳಷ್ಟನ್ನು ಗಳಿಸಿಕೊಂಡನು.

2000ದ ಆಗಸ್ಟ್‌ನಲ್ಲಿ ತೊಂಬತ್ತು ಡಾಲರಿನಷ್ಟಿದ್ದ ಒಂದು ಷೇರಿನ ಬೆಲೆ 2001ರ ನವೆಂಬರ್ ಕೊನೆಯ ವೇಳೆಗೆ ಒಂದು ಡಾಲರಿಗಿಂತಲೂ ಕೆಳಗಿಳಿಯಿತು. ಡಿಸೆಂಬರ್ 2ರಂದು ಕಂಪನಿ ದಿವಾಳಿಯಾಯಿತು. ಮರುದಿನವೇ ಸುಮಾರು ನಾಲ್ಕು ಸಾವಿರ ನೌಕರರನ್ನು ಮನೆಗೆ ಕಳುಹಿಸಲಾಯಿತು. ನೌಕರಿ ಹೋದುದು ಒಂದು ಕಷ್ಟವಾದರೆ, ಮುಪ್ಪಿನ ಕಾಲಕ್ಕೆಂದು ಕೂಡಿಟ್ಟ ನಿವೃತ್ತಿ ನಿಧಿಯ ಅರ್ಧಕ್ಕಿಂತ ಹೆಚ್ಚು ಪಾಲು ಇದೇ ಕಂಪನಿಯ ಷೇರುಗಳಲ್ಲಿ ತೊಡಗಿದ್ದು ಕರಗಿಹೋದುದು ಇನ್ನೂ ದೊಡ್ಡ ಕಷ್ಟ. ಆ ಶರತ್ಕಾಲದಲ್ಲಿ ನಿಧಿಯ ಆಡಳಿತ ಬೇರೆಯವರ ಕೈಗೆ ಹೋಗುತ್ತಿದ್ದುದರಿಂದ, ಬೆಲೆ ಕುಸಿಯುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದರೂ ಕೆಲವು ದಿನಗಳ ಕಾಲ ನೌಕರರು ತಮ್ಮ ಷೇರುಗಳನ್ನು ಮಾರುವಂತಿರಲಿಲ್ಲ. ಸೆಪ್ಟೆಂಬರಿನಲ್ಲಿ ಇದೇ ನೌಕರರಿಗೆ ಷೇರು ಅಗ್ಗವಾಗಿದೆಯೆಂದು ಲೇ ಹೇಳಿದ್ದುಂಟು. ಸಂಸಾರವಂದಿಗರಾದ ನಮ್ಮ ವಾಚಕರಿಗೆ ಇದರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಹ್ಯೂಸ್ಟನ್ನಿನಲ್ಲಿಯೇ 2006ರ ಜನವರಿ ಕೊನೆಯಲ್ಲಿ ಲೇ ಮತ್ತು ಸ್ಕಿಲ್ಲಿಂಗರ ವಿಚಾರಣೆ ಮೊದಲಾಯಿತು. ಮೊದಲ ಆಕ್ಷೇಪವಿದ್ದುದು ಇಲ್ಲಿಯೇ. ನಮ್ಮ ದೇಶದ ಕ್ರಿಮಿನಲ್ ನ್ಯಾಯಾಲಯಗಳು ಜ್ಯೂರಿ ಪದ್ಧತಿಯನ್ನು ಕೈಬಿಟ್ಟು ಬಹುಕಾಲವಾಯಿತು. ಅಮೆರಿಕದಲ್ಲಿ ದೋಷಿಯೋ ನಿರ್ದೋಷಿಯೋ ಎಂದು ಹೇಳುವವರು ಊರಿನಿಂದಲೇ ಆರಿಸಿಬಂದ ಹನ್ನೆರಡು ಮಂದಿ ಸಾಮಾನ್ಯರು. ಊರಿಗೆ ಊರೇ ನೊಂದಿರುವಾಗ ಆ ಊರಿನವರು ಸಮಚಿತ್ತದಿಂದ ತೂಗಬಲ್ಲರೇ? ವಿಚಾರಣೆಯನ್ನು ಬೇರೆ ನಗರಕ್ಕೆ ವರ್ಗಾಯಿಸಬೇಕೆಂದು ಆರೋಪಿಗಳ ವಕೀಲರು ಬೇಡಿಕೊಂಡರು. ನ್ಯಾಯಾಧೀಶ ಸಿಮ್ ಲೇಕ್ ಒಪ್ಪಲಿಲ್ಲ. 77 ಪ್ರಶ್ನೆಗಳ ಪ್ರಶ್ನಾವಳಿಯನ್ನು ಮುಂಚಿತವಾಗಿ ನಾನೂರು ಮಂದಿಗೆ ಕಳುಹಿಸಿ ಉತ್ತರ ತರಿಸಿಕೊಳ್ಳಲಾಗಿತ್ತೆಂಬುದು ನಿಜ. ಆದರೆ ಕೊನೆಯ ಆಯ್ಕೆ ಸುಮಾರು ಐದು ಗಂಟೆಗಳಲ್ಲಿ ಮುಗಿದುಹೋಯಿತು. ಕನ್ಯೆ ನೋಡಲು ಹೋದವರೂ ಇದಕ್ಕಿಂತ ಹೆಚ್ಚು ಹೊತ್ತು ವಿಚಾರಿಸುತ್ತಾರೆಂದು ಯಾರಾದರೂ ನಕ್ಕರೆ ತಪ್ಪೆನ್ನಲಾಗದು.

2006ರ ಮೇ 25ರಂದು ತೀರ್ಪು ಬಂದಿತು. ಸ್ಕಿಲ್ಲಿಂಗ್ 19 ಆರೋಪಗಳಲ್ಲಿ ದೋಷಿ, 9ರಲ್ಲಿ ನಿರ್ದೋಷಿ. ಲೇ ತನ್ನ ಮೇಲಿದ್ದ ಎಲ್ಲ ಆರೋಪಗಳಲ್ಲಿಯೂ ದೋಷಿ. ಆದರೆ ಶಿಕ್ಷೆ ಪ್ರಕಟವಾಗುವ ಮುನ್ನ, ಜುಲೈ 5ರಂದು, ಲೇ ಹೃದಯರೋಗದಿಂದ ತೀರಿಕೊಂಡನು. ಮೇಲ್ಮನವಿಗೆ ಅವಕಾಶವಿಲ್ಲದೆ ಸತ್ತವನ ಮೇಲಿನ ತೀರ್ಪು ಉಳಿಯಲಾಗದೆಂಬ ನಿಯಮಾನುಸಾರ ಅಕ್ಟೋಬರ್ 17ರಂದು ಅದನ್ನು ಅಳಿಸಿಹಾಕಲಾಯಿತು. ಹೀಗೆ ಕಾನೂನಿನ ಕಡತದಲ್ಲಿ ಲೇ ದೋಷಿಯಲ್ಲ! ಹಣ ಕಳೆದುಕೊಂಡವರಿಗೆ ಇದನ್ನು ನುಂಗಿಕೊಳ್ಳುವುದು ಕಷ್ಟವಾಯಿತು.

ಅದೇ ಅಕ್ಟೋಬರ್ 23ರಂದು ಸ್ಕಿಲ್ಲಿಂಗನಿಗೆ 24 ವರುಷ 4 ತಿಂಗಳುಗಳ ಸೆರೆವಾಸ ವಿಧಿಸಲಾಯಿತು. ಬಲೆಯನ್ನು ಹೆಣೆದು ಹಣವನ್ನೂ ಉಂಡ ಫಾಸ್ಟೋ ತಪ್ಪನ್ನೊಪ್ಪಿ, ಸರಕಾರದ ಪರವಾಗಿ ಸಾಕ್ಷಿ ನುಡಿದುದರಿಂದ ಅವನಿಗೆ ಆದುದು ಆರು ವರುಷ ಮಾತ್ರ. ಚರ್ಚೆ ಕಾವೇರಿದುದು ಈ ಅಂತರದಿಂದ. ತಪ್ಪೊಪ್ಪಿಕೊಂಡವನಿಗೆ ಕರುಣೆ ತೋರುವುದು ಎಲ್ಲ ಕಾಲದ ನೀತಿಯೂ ಹೌದು. ಆದರೆ ತಾನು ನಿರಪರಾಧಿಯೆಂದು ವಾದಿಸುವ ಹಕ್ಕನ್ನು ಬಳಸಿಕೊಂಡವನಿಗೆ ನಾಲ್ಕು ಪಟ್ಟು ಶಿಕ್ಷೆಯಾಗುವುದಾದರೆ, ಅದರಲ್ಲಿ ಎಷ್ಟು ಅಪರಾಧಕ್ಕೆ, ಎಷ್ಟು ವಾದಿಸಿದ ತಪ್ಪಿಗೆ ಎಂದು ಕೇಳಿದವರ ಮಾತಿನಲ್ಲಿ ಹುರುಳಿದೆ. ಸಾಕ್ಷಿಗೂ ತನ್ನ ಶಿಕ್ಷೆಯನ್ನು ಇಳಿಸಿಕೊಳ್ಳುವ ಆಸೆಯಿರುವಾಗ ಅವನ ನುಡಿಯನ್ನು ಎಷ್ಟರಮಟ್ಟಿಗೆ ನಂಬುವುದೆಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ.

ಹಾಗೆಂದು ಸ್ಕಿಲ್ಲಿಂಗನನ್ನು ಹುತಾತ್ಮನನ್ನಾಗಿ ಮಾಡುವವರ ಸಾಲಿನಲ್ಲಿ ನಾವು ನಿಲ್ಲಲಾರೆವು. 2001ರ ಸೆಪ್ಟೆಂಬರ್ 17ರಂದು ಅವನು ಐದು ಲಕ್ಷ ಷೇರುಗಳನ್ನು ಮಾರಿದನು. ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ಕಳವಳವೇ ಅದಕ್ಕೆ ಕಾರಣವೆಂದು ಹೇಳಿಕೊಂಡನು. ಆದರೆ ದಾಳಿಗೆ ಐದು ದಿನ ಮೊದಲೇ, ಸೆಪ್ಟೆಂಬರ್ 6ರಂದು, ಎರಡು ಲಕ್ಷ ಷೇರುಗಳನ್ನು ಮಾರಲು ಅವನು ಯತ್ನಿಸಿದ್ದುದು ದಲ್ಲಾಳಿಯ ದೂರವಾಣಿಯ ಧ್ವನಿಮುದ್ರಿಕೆಯಿಂದ ಬಯಲಾಯಿತು. ಇಂತಹ ಸಾಕ್ಷ್ಯಕ್ಕೆ ಹ್ಯೂಸ್ಟನ್ನಿನವರೇ ಆಗಬೇಕೆಂದಿಲ್ಲ. ಯಾವ ಊರಿನ ಜ್ಯೂರಿಯಾದರೂ ತಲೆದೂಗುತ್ತಿತ್ತು.

ಪ್ರಕರಣವು ಸುಪ್ರೀಂ ಕೋರ್ಟಿಗೆ ಏರಿ, 2010ರ ಜೂನ್ 24ರಂದು ನಿರ್ಣಯವಾಯಿತು. ಊರಿನ ಪ್ರಶ್ನೆಯಲ್ಲಿ ನ್ಯಾಯಮೂರ್ತಿಗಳು ಆರು ಮತ್ತು ಮೂರರಂತೆ ಒಡೆದರು. ಹ್ಯೂಸ್ಟನ್ ಪ್ರದೇಶದಲ್ಲಿ ಜ್ಯೂರಿಗೆ ಅರ್ಹರಾದವರು 45 ಲಕ್ಷಕ್ಕೂ ಮಿಗಿಲು, ಅವರಲ್ಲಿ ನಿಷ್ಪಕ್ಷಪಾತಿಗಳು ದೊರೆಯದಿರರು. ಒಂಬತ್ತು ಆರೋಪಗಳಲ್ಲಿ ಬಿಡುಗಡೆ ನೀಡಿದುದೇ ಅವರ ವಿವೇಚನೆಗೆ ಕುರುಹು. ಇದು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಬರೆದ ಬಹುಮತದ ನಿಲುವು. ಗಾಯ ಅಷ್ಟು ಆಳವಾಗಿದ್ದಾಗ ಅವಸರದ ಆಯ್ಕೆ ಸಾಲದೆಂದು ನ್ಯಾಯಮೂರ್ತಿ ಸೋಟೊಮೆಯರ್ ಭಿನ್ನಮತ ಬರೆದರು. ನಮ್ಮ ಮನಸ್ಸು ಭಿನ್ನಮತದತ್ತಲೇ ವಾಲುತ್ತದೆ. ವಿಚಾರಣೆಯನ್ನು ಬೇರೆ ನಗರಕ್ಕೆ ಒಯ್ದಿದ್ದರೆ ಸರಕಾರಕ್ಕಾಗುತ್ತಿದ್ದ ನಷ್ಟವಾದರೂ ಏನು?

ಕಾನೂನಿನ ವಿಷಯದಲ್ಲಿ ಮಾತ್ರ ಸ್ಕಿಲ್ಲಿಂಗ್ ಗೆದ್ದನು. ಒಡೆಯರಿಗೆ ಸಲ್ಲಬೇಕಾದ ‘ಪ್ರಾಮಾಣಿಕ ಸೇವೆ’ಯನ್ನು ವಂಚಿಸುವುದು ಅಪರಾಧವೆಂದು 1988ರ ಒಂದು ಚುಟುಕಾದ ಕಲಮು ಹೇಳುತ್ತಿತ್ತು. ಪ್ರಾಮಾಣಿಕತೆಯೆಂದರೆ ಯಾವುದು ಎಂದು ಅದು ವಿವರಿಸಿರಲಿಲ್ಲ. ಈ ಕಲಮು ಲಂಚ, ರುಷುವತ್ತುಗಳಿಗೆ ಮಾತ್ರ ಅನ್ವಯಿಸತಕ್ಕುದೆಂದೂ, ಸ್ಕಿಲ್ಲಿಂಗ್ ಲಂಚ ತಿಂದವನಲ್ಲವೆಂದೂ ನ್ಯಾಯಾಲಯ ಹೇಳಿತು. ಆದರೂ ಉಳಿದ ಸಾಕ್ಷ್ಯ ಬಲವಾಗಿದ್ದುದರಿಂದ ಕೆಳಗಿನ ಮೇಲ್ಮನವಿ ನ್ಯಾಯಾಲಯವು 2011ರಲ್ಲಿ ದೋಷನಿರ್ಣಯವನ್ನು ಎತ್ತಿಹಿಡಿಯಿತು. 2013ರ ಜೂನ್‌ನಲ್ಲಿ ಶಿಕ್ಷೆಯು 14 ವರುಷಕ್ಕಿಳಿಯಿತು. ಅದಕ್ಕೆ ಪ್ರತಿಯಾಗಿ ಅವನು ಮುಂದಿನ ಹೋರಾಟವನ್ನು ಕೈಬಿಟ್ಟನು. ಜಫ್ತಿಯಾದ ನಾಲ್ಕು ಕೋಟಿ ಡಾಲರುಗಳಿಗೂ ಹೆಚ್ಚು ಹಣವನ್ನು ನೊಂದವರಿಗೆ ಹಂಚಲು ದಾರಿಯಾಯಿತು. 2019ರ ಫೆಬ್ರುವರಿಯಲ್ಲಿ ಸ್ಕಿಲ್ಲಿಂಗ್ ಬಿಡುಗಡೆ ಹೊಂದಿದನು.

ಆದರೆ ಸ್ಕಿಲ್ಲಿಂಗನ ವರುಷಗಳ ಲೆಕ್ಕಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಬೇರೊಂದು. ಎನ್ರಾನಿನ ಲೆಕ್ಕ ತಪಾಸಿಸುತ್ತಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆ 1913ರಲ್ಲಿ ಸ್ಥಾಪನೆಯಾದುದು. ಅಮೆರಿಕವೊಂದರಲ್ಲಿಯೇ ಸುಮಾರು 28,000 ಮಂದಿಗೆ ಅನ್ನ ನೀಡುತ್ತಿದ್ದಿತು. ತನಿಖೆ ಹತ್ತಿರವಾದಾಗ ಹ್ಯೂಸ್ಟನ್ ಕಚೇರಿಯವರು ಎನ್ರಾನಿನ ಕಾಗದಪತ್ರಗಳನ್ನು ರಾಶಿರಾಶಿಯಾಗಿ ನಾಶಮಾಡಿದರು. ಕೆಲವರ ಈ ಕೃತ್ಯಕ್ಕೆ ಸರಕಾರವು ಇಡೀ ಸಂಸ್ಥೆಯನ್ನೇ ಆರೋಪಿಯಾಗಿಸಿತು. ಹತ್ತು ದಿನ ತಿಣುಕಾಡಿದ ಜ್ಯೂರಿ 2002ರ ಜೂನ್ 15ರಂದು ದೋಷಿಯೆಂದಿತು. ದೋಷಿಯೆನಿಸಿದ ಸಂಸ್ಥೆ ಸಾರ್ವಜನಿಕ ಕಂಪನಿಗಳ ಲೆಕ್ಕ ನೋಡುವಂತಿಲ್ಲವಾದುದರಿಂದ ಆಗಸ್ಟ್ ಕೊನೆಗೆ ತನ್ನ ಪರವಾನಗಿಗಳನ್ನು ಒಪ್ಪಿಸಿ ಬಾಗಿಲೆಳೆದುಕೊಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಎನ್ರಾನಿನ ಒಂದು ಹಾಳೆಯನ್ನೂ ಕಾಣದ ಸಾವಿರಾರು ಲೆಕ್ಕಿಗರು, ಗುಮಾಸ್ತರು ಬೇರೆ ಕೆಲಸ ಅರಸಬೇಕಾಯಿತು.

2005ರ ಮೇ 31ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಸರ್ವಾನುಮತದಿಂದ ರದ್ದುಮಾಡಿತು. ತಾವು ಮಾಡುತ್ತಿರುವುದು ತಪ್ಪೆಂಬ ಅರಿವಿಲ್ಲದಿದ್ದವರನ್ನೂ ದೋಷಿಗಳೆನ್ನಬಹುದೆಂಬಂತೆ ಜ್ಯೂರಿಗೆ ನ್ಯಾಯಾಧೀಶರು ನೀಡಿದ್ದ ಸೂಚನೆಯೇ ತಪ್ಪಾಗಿತ್ತೆಂದು ಹೇಳಿತು. ಆ ವೇಳೆಗೆ ಸಂಸ್ಥೆಯಲ್ಲಿ ಉಳಿದಿದ್ದವರು ಇನ್ನೂರರಷ್ಟು ಮಂದಿ. ಅವರ ಕೆಲಸವೆಂದರೆ ಹಳೆಯ ದಾವೆಗಳನ್ನು ನೋಡಿಕೊಳ್ಳುವುದು. ಅದೇ ವರುಷದ ನವೆಂಬರಿನಲ್ಲಿ ಸರಕಾರವು ಆಂಡರ್ಸನ್ನಿನ ಮೇಲೆ ಮರುವಿಚಾರಣೆ ನಡೆಸುವುದಿಲ್ಲವೆಂದು ತಿಳಿಸಿತು.