ಏಳದ ಟಿಲ್ಲರೂ ಒಂದು ಸಣ್ಣ ರಂಧ್ರವೂ

ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ಹದಕ್ಕೆ ಬಂದಿರುವಾಗ ಉಳುವ ಯಂತ್ರವೇ ಏಳದಿದ್ದರೆ ಬಹಳ ಪೇಚು. ಎರಡು ದಿನ ಬಿಸಿಲು ಕಾದರೆ ಆ ಹದ ಹೋಯಿತು. ನಮ್ಮ ಹಿತ್ತಿಲಿನ ಪುಟ್ಟ ಪೆಟ್ರೋಲ್ ಟಿಲ್ಲರ್ ಕಳೆದ ವರ್ಷ ಹೀಗೆಯೇ ಮುಷ್ಕರ ಹೂಡಿತು. ಹಗ್ಗವನ್ನು ಎಷ್ಟು ಎಳೆದರೂ ಒಂದೆರಡು ಬಾರಿ ಕೆಮ್ಮಿ ಸುಮ್ಮನಾಗುತ್ತಿತ್ತು. ಚೋಕ್ ಹಾಕಿದಾಗ ಓಡಿ, ತೆಗೆದೊಡನೆ ನಿಲ್ಲುತ್ತಿತ್ತು.

ಈ ಲಕ್ಷಣದಿಂದಲೇ ರೋಗವನ್ನು ಊಹಿಸಬಹುದು. ಕಾರ್ಬುರೇಟರ್ ಎಂಬುದು ನಡುವೆ ಕಿರಿದಾದ ಒಂದು ಕೊಳವೆ. ಎಂಜಿನು ಸೆಳೆದುಕೊಳ್ಳುವ ಗಾಳಿ ಆ ಕಿರಿದಾದ ಕಂಠದಲ್ಲಿ ವೇಗವಾಗಿ ಹರಿಯುತ್ತದೆ. ವೇಗ ಹೆಚ್ಚಿದೆಡೆ ಒತ್ತಡ ಕುಗ್ಗುತ್ತದೆ. 1738ರಲ್ಲಿ ಪ್ರಕಟವಾದ ಡೇನಿಯಲ್ ಬರ್ನೂಲಿಯ ಗ್ರಂಥವು ವಿವರಿಸಿದ ಸಂಬಂಧವಿದು. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲಾದರೋ ವಾಯುಮಂಡಲದ ಪೂರ್ಣ ಒತ್ತಡವಿದೆ. ಆದುದರಿಂದ ಅದು ‘ಜೆಟ್’ ಎಂಬ ಹಿತ್ತಾಳೆಯ ತುಂಡಿನ ಸೂಕ್ಷ್ಮ ರಂಧ್ರದ ಮೂಲಕ ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು.

ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಹಗುರವಾದ ಅಂಶಗಳು ಆವಿಯಾಗಿ ಹೋಗುತ್ತವೆ. ಉಳಿದುದು ಆಮ್ಲಜನಕದೊಡನೆ ಕೂಡಿ ಅಂಟಾಗುತ್ತದೆ. ಆ ಅಂಟು ರಂಧ್ರದ ವ್ಯಾಸವನ್ನು ಅರ್ಧಕ್ಕಿಳಿಸಿತೆಂದರೆ ಅದರ ವಿಸ್ತೀರ್ಣ ಕಾಲುಭಾಗವಾಯಿತು. ಚೋಕ್ ಗಾಳಿಗೆ ಅಡ್ಡಲಾಗಿ ನಿಂತು ಕಂಠದ ಒತ್ತಡವನ್ನು ಇನ್ನಷ್ಟು ತಗ್ಗಿಸುವುದರಿಂದ, ಕಟ್ಟಿಕೊಂಡ ಜೆಟ್ಟಿನಿಂದಲೂ ಹೇಗೋ ಸಾಕಷ್ಟು ಪೆಟ್ರೋಲ್ ಬರುತ್ತದೆ.

ಇಷ್ಟೆಲ್ಲ ಪಾಠ ಹೇಳಬಲ್ಲ ನಾವು ಮಾಡಿದ ಕೆಲಸವೇನು? ಹೊಲಿಗೆಯ ಸೂಜಿಯಿಂದ ಜೆಟ್ಟನ್ನು ಚುಚ್ಚಿದೆವು! ಎಂಜಿನೇನೋ ಓಡಿತು, ಆದರೆ ಕಪ್ಪು ಹೊಗೆ ಕಾರತೊಡಗಿತು. ಕೊನೆಗೆ ರಿಪೇರಿಗೆ ಒಯ್ದಾಗ ಮೆಕ್ಯಾನಿಕ್ ಹೊಗೆಯನ್ನು ನೋಡಿಯೇ, “ಸೂಜಿ ಹಾಕಿದ್ರಾ ಮೇಷ್ಟ್ರೇ?” ಎಂದು ಕೇಳಿದರು. ಉಕ್ಕಿಗಿಂತ ಹಿತ್ತಾಳೆ ಮೆದು. ರಂಧ್ರದ ವ್ಯಾಸ ನೂರಕ್ಕೆ 10ರಷ್ಟು ಹಿಗ್ಗಿದರೆ ವಿಸ್ತೀರ್ಣ ನೂರಕ್ಕೆ 21ರಷ್ಟು ಹೆಚ್ಚುತ್ತದೆ. ಹೆಚ್ಚಾಗಿ ಬಂದ ಪೆಟ್ರೋಲಿಗೆ ಗಾಳಿ ಸಾಲದೆ ಮಸಿಯಾಗುತ್ತದೆ.

ಅವರು ಹೊಸ ಜೆಟ್ ಹಾಕಿ, ಉಳಿದ ದಾರಿಗಳನ್ನು ದ್ರವದಿಂದ ತೊಳೆದು ಗಾಳಿಯಿಂದ ಊದಿದರು. ಫಿಲ್ಟರನ್ನೂ ಎಣ್ಣೆಯನ್ನೂ ಬದಲಿಸಿದರು. ಅಲಗುಗಳಿಗೆ ಸುತ್ತಿಕೊಂಡಿದ್ದ ಬಳ್ಳಿಯನ್ನು ಬಿಡಿಸುವ ಮುನ್ನ ಪ್ಲಗ್ಗಿನ ತಂತಿಯನ್ನು ಕಿತ್ತಿಟ್ಟುದನ್ನು ನಾವು ಗಮನಿಸಿದೆವು. ಕಿಡಿಯಿಲ್ಲದ ಎಂಜಿನು ಅಕಸ್ಮಾತ್ತಾಗಿ ಎದ್ದು ಬೆರಳನ್ನು ಕತ್ತರಿಸಲಾರದು.

ಈಗ ಹಂಗಾಮು ಮುಗಿದೊಡನೆ ನಾವು ಟ್ಯಾಂಕನ್ನು ಬರಿದುಮಾಡಿ, ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸುತ್ತೇವೆ. ಬಳಿಕ ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ, ಉಳಿದ ತೊಟ್ಟನ್ನೂ ಬಸಿದುಬಿಡುತ್ತೇವೆ.