ಅಗ್ಗದ ಪ್ರೊಸೆಸರ್ ಎಂದರೆ ಕಳಪೆ ಪ್ರೊಸೆಸರ್ ಎಂಬುದು ನಿಜವೇ?

"ಎಎಂಡಿ ಬೇಡ, ಬಿಸಿಯಾಗುತ್ತೆ. ಸ್ವಲ್ಪ ಹೆಚ್ಚಾದರೂ ಇಂಟೆಲ್ ತಗೊಳ್ಳಿ." ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಪಿಯುಸಿ ಮುಗಿಸಿದ ಮಕ್ಕಳಿಗೆ ಲ್ಯಾಪ್‌ಟಾಪ್ ಹುಡುಕುವವರಿಗೆ ಈ ಸಲಹೆ ಹೊಸದಲ್ಲ. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೋ, ಕಾಗವಾಡದಿಂದ ಮೀರಜ್‌ಗೋ ಹೋಗಿ ವಿಚಾರಿಸಿದರೂ ಇದೇ ಮಾತು ಸಿಗುವುದುಂಟು. ಕಬ್ಬಿನ ಬಿಲ್ಲು ಬಂದ ಮೇಲೆ ಕೊಳ್ಳುವ ವಸ್ತು ಅದು. ಹಾಗಾಗಿ ಈ ಮಾತನ್ನು ಪರಿಶೀಲಿಸೋಣ.

ಇದರಲ್ಲಿ ಹಳೆಯ ಸತ್ಯವೊಂದಿದೆ. 2012ರಲ್ಲಿ ಬಂದ ಎಎಂಡಿಯ ಎಫ್‌ಎಕ್ಸ್-8350 ಡೆಸ್ಕ್‌ಟಾಪ್ ಪ್ರೊಸೆಸರ್ 125 ವ್ಯಾಟ್‌ನದು; ಅದೇ ವರ್ಷದ ಇಂಟೆಲ್ ಕೋರ್ ಐ7-3770ಕೆ 77 ವ್ಯಾಟ್‌ನದು. ಹೆಚ್ಚು ವಿದ್ಯುತ್ ಎಳೆದರೆ ಹೆಚ್ಚು ಶಾಖ, ಅಷ್ಟೇ. ಆದರೆ 2023ರ ಇಂಟೆಲ್ ಕೋರ್ ಐ9-14900ಕೆ ಗರಿಷ್ಠ 253 ವ್ಯಾಟ್‌ವರೆಗೆ ಎಳೆಯುತ್ತದೆ. ಅಂದರೆ ಕಂಪನಿಯ ಹೆಸರು ನೋಡಿ ಬಿಸಿಯನ್ನು ಊಹಿಸಲಾಗದು.

ಇನ್ನು ಬೆಲೆ. 2011ರಲ್ಲಿ ಇಂಟೆಲ್‌ನ ಕೋರ್ ಐ7-2600ಕೆ ಬೆಲೆ 317 ಡಾಲರ್, ಕೋರ್‌ಗಳು ನಾಲ್ಕು. 2017ರ ಜನವರಿಯಲ್ಲಿ ಬಂದ ಐ7-7700ಕೆ ಬೆಲೆ 339 ಡಾಲರ್, ಕೋರ್‌ಗಳು ಆಗಲೂ ನಾಲ್ಕೇ! ಎಎಂಡಿ ಹಿಂದೆ ಬಿದ್ದಿದ್ದ ಆ ಆರು ವರ್ಷ ಇಂಟೆಲ್‌ಗೆ ಅವಸರವಿರಲಿಲ್ಲ. 2017ರ ಮಾರ್ಚ್‌ನಲ್ಲಿ ಎಎಂಡಿ ಎಂಟು ಕೋರ್‌ಗಳ ರೈಜೆನ್ 7 1800ಎಕ್ಸ್ ಅನ್ನು 499 ಡಾಲರ್‌ಗೆ ತಂದಿತು. ಆಗ ಇಂಟೆಲ್‌ನ ಎಂಟು ಕೋರ್‌ಗಳ ಪ್ರೊಸೆಸರ್‌ಗೆ ಸಾವಿರ ಡಾಲರ್ ದಾಟುತ್ತಿತ್ತು. ಅದೇ ಅಕ್ಟೋಬರ್‌ನಲ್ಲಿ ಇಂಟೆಲ್‌ನ ಐ7ಗೆ ಆರು ಕೋರ್‌ಗಳು ಬಂದವು, ಬೆಲೆ 359 ಡಾಲರ್. 2018ರಲ್ಲಿ 1,979 ಡಾಲರ್ ಇದ್ದ ಅದರ 18 ಕೋರ್‌ಗಳ ಪ್ರೊಸೆಸರ್‌ನ ಮುಂದಿನ ಆವೃತ್ತಿ 2019ರಲ್ಲಿ 979 ಡಾಲರ್‌ಗೆ ಇಳಿಯಿತು.

ಪಕ್ಕದಲ್ಲಿ ಇನ್ನೊಂದು ಸಕ್ಕರೆ ಕಾರ್ಖಾನೆ ಇದ್ದರೆ ಕಬ್ಬಿನ ದರ ಹೇಗೆ ಬದಲಾಗುತ್ತದೆ ಎಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎಎಂಡಿಯೂ ದಾನಕ್ಕೆ ಕೂತಿಲ್ಲ. 2019ರ ಆರು ಕೋರ್‌ಗಳ ರೈಜೆನ್ 5 3600ಎಕ್ಸ್ 249 ಡಾಲರ್ ಇತ್ತು. ತಾನೇ ಮುಂದಾದ 2020ರಲ್ಲಿ ಅದರ ಮುಂದಿನ 5600ಎಕ್ಸ್‌ಗೆ 299 ಡಾಲರ್ ಕೇಳಿತು. ಕೋರ್‌ಗಳು ಆರೇ.

ತಯಾರಿಕೆಯ ಖರ್ಚಷ್ಟೇ ಬೆಲೆಯನ್ನು ನಿರ್ಧರಿಸುವುದಿಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ಇದೆ. 2017ರ ಆರು ಕೋರ್‌ಗಳ ರೈಜೆನ್ 5 1600ರ ಒಳಗಿದ್ದದ್ದು ಎಂಟು ಕೋರ್‌ಗಳ ಚಿಪ್ಪೇ. ಎರಡನ್ನು ನಿಷ್ಕ್ರಿಯಗೊಳಿಸಿ ಕಡಿಮೆ ಬೆಲೆಗೆ ಮಾರಿದರು.

"ನಮ್ಮ ನುಡಿ, ಟ್ಯಾಲಿ ಎಎಂಡಿಯಲ್ಲಿ ನಡೆಯುತ್ತವಾ?" ನಡೆಯುತ್ತವೆ. 1981ರ ಐಬಿಎಂ ಪಿಸಿಯಲ್ಲಿದ್ದದ್ದು ಇಂಟೆಲ್ ಪ್ರೊಸೆಸರ್. ಒಬ್ಬರನ್ನೇ ನಂಬಲು ಐಬಿಎಂ ಒಪ್ಪದ ಕಾರಣ 1982ರಲ್ಲಿ ಎಎಂಡಿ ಎರಡನೇ ತಯಾರಕನಾಗಿ ಒಪ್ಪಂದ ಮಾಡಿಕೊಂಡಿತು. 2003ರಲ್ಲಿ ಎಎಂಡಿ ತಂದ 64 ಬಿಟ್ ವಿನ್ಯಾಸವನ್ನು ಮರುವರ್ಷ ಇಂಟೆಲ್ಲೇ ಅಳವಡಿಸಿಕೊಂಡಿತು. ಎರಡಕ್ಕೂ ಒಂದೇ ಭಾಷೆ ಅರ್ಥವಾಗುತ್ತದೆ.

ಅಂಗಡಿಯಲ್ಲಿ ಎಚ್ಚರ ಬೇಕಾದದ್ದು ಸ್ಟಿಕ್ಕರ್ ಬಗ್ಗೆ. ಐ7 ಎಂದರೆ ಸಾಲದು, ಯಾವ ತಲೆಮಾರಿನದು ಎಂದು ಕೇಳಿ. ಹಳೆಯ ಐ7ಗಿಂತ ಹೊಸ ಐ5 ವೇಗವಾಗಿರಬಹುದು. ರೈಜೆನ್ 7000 ಸರಣಿಯ ಲ್ಯಾಪ್‌ಟಾಪ್‌ಗಳಲ್ಲಿ ಮೂರನೇ ಅಂಕಿ ನೋಡಿ: 7520ಯು ಒಳಗಿರುವುದು 2019ರ ಝೆನ್ 2 ವಿನ್ಯಾಸ, 7530ಯು ಒಳಗೆ ಝೆನ್ 3, 7540ಯು ಒಳಗೆ ಝೆನ್ 4. ಮೂರರ ಮೇಲೂ ರೈಜೆನ್ 5 ಎಂದೇ ಬರೆದಿರುತ್ತದೆ.