ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ: ವಿರೋಧದ ಮೂಲ ಮತ್ತು ಉದ್ಯಮದ ಲೆಕ್ಕ

2024ರ ಸೆಪ್ಟೆಂಬರ್ 26ರಂದು ಕರ್ನಾಟಕ ಸಚಿವ ಸಂಪುಟವು ಪಶ್ಚಿಮ ಘಟ್ಟಗಳ ಕುರಿತ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನ ಕೈಗೊಂಡಿತು. ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈ 31ರಂದು, ಕೇಂದ್ರ ಪರಿಸರ ಸಚಿವಾಲಯವು ಅದೇ ವರದಿಯನ್ನು ಆಧರಿಸಿದ ಆರನೆಯ ಕರಡು ಅಧಿಸೂಚನೆಯನ್ನು ಹೊರಡಿಸಿತ್ತು. ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಗ್ರಾಮಗಳನ್ನು ಭೂಕುಸಿತ ನುಂಗಿಹಾಕಿದ್ದು ಅದರ ಹಿಂದಿನ ದಿನ. ಮಲೆನಾಡು ಹಾಗೂ ಕರಾವಳಿಯ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಸಂಪುಟದ ತೀರ್ಮಾನವನ್ನು ನೆಮ್ಮದಿಯ ಸುದ್ದಿಯೆಂದು ಸ್ವೀಕರಿಸಿದ್ದು ಸಹಜವೇ. ಆದರೆ ರಾಜ್ಯವು ಬೇಡವೆಂದ ಮಾತ್ರಕ್ಕೆ ನಿರ್ಬಂಧಗಳು ಇಲ್ಲವಾಗುತ್ತವೆಯೇ ಎಂಬುದು ಬೇರೆಯೇ ಪ್ರಶ್ನೆ.

ವಿವಾದದ ಬೇರು 2010ರಲ್ಲಿದೆ. ಆ ವರ್ಷ ಕೇಂದ್ರ ಸರ್ಕಾರವು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ರಚಿಸಿತು. 2011ರ ಆಗಸ್ಟ್‌ನಲ್ಲಿ ವರದಿ ಸಲ್ಲಿಕೆಯಾಯಿತು. ಇಡೀ ಘಟ್ಟ ಶ್ರೇಣಿಯನ್ನೇ ಸೂಕ್ಷ್ಮ ಪ್ರದೇಶವೆಂದು ಪರಿಗಣಿಸಿ, ತಾಲ್ಲೂಕುಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಬೇಕೆಂದು ಅದು ಸೂಚಿಸಿತು. ಯಾವ ಗ್ರಾಮದಲ್ಲಿ ಯಾವ ನಿಯಮವಿರಬೇಕೆಂಬುದು ಗ್ರಾಮಸಭೆಗಳ ಚರ್ಚೆಯಿಂದ ಅಂತಿಮಗೊಳ್ಳಬೇಕೆಂಬುದು ಸಮಿತಿಯ ಆಶಯವಾಗಿತ್ತು. ನಡೆದದ್ದು ಇದಕ್ಕೆ ತದ್ವಿರುದ್ಧ. ವರದಿಯನ್ನು ತಿಂಗಳುಗಟ್ಟಲೆ ಸಾರ್ವಜನಿಕರಿಂದ ಮರೆಮಾಚಲಾಯಿತು. ಮಾಹಿತಿ ಹಕ್ಕಿನಡಿ ಅರ್ಜಿ ಸಲ್ಲಿಕೆಯಾಗಿ, ವಿಷಯ ದೆಹಲಿ ಉಚ್ಚ ನ್ಯಾಯಾಲಯದವರೆಗೆ ಹೋದ ಮೇಲೆಯೇ, 2012ರ ಮೇ ತಿಂಗಳಲ್ಲಿ, ಅದು ಹೊರಬಂದಿತು. ನೂರಾರು ಪುಟಗಳ ಇಂಗ್ಲಿಷ್ ವರದಿಯನ್ನು ಓದಿದವರು ಎಷ್ಟು ಮಂದಿ? ಓದದವರಿಗೆ ಅದರ ಸಾರವನ್ನು ಹೇಳಿದವರು ರಾಜಕಾರಣಿಗಳು. ಮನೆ ಕಟ್ಟುವಂತಿಲ್ಲ, ತೋಟ ಮಾರುವಂತಿಲ್ಲ, ಬ್ಯಾಂಕ್ ಸಾಲ ದೊರೆಯುವುದಿಲ್ಲ, ಕೊನೆಗೆ ಊರನ್ನೇ ತೆರವು ಮಾಡಿಸುತ್ತಾರೆ ಎಂಬ ಮಾತುಗಳು ಹಳ್ಳಿಹಳ್ಳಿಗೆ ತಲುಪಿದವು.

ಗಾಡ್ಗೀಳ್ ವರದಿ ಕಠಿಣವೆಂದು ರಾಜ್ಯಗಳು ಆಕ್ಷೇಪಿಸಿದ್ದರಿಂದ 2012ರ ಆಗಸ್ಟ್‌ನಲ್ಲಿ ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಮತ್ತೊಂದು ಕಾರ್ಯತಂಡ ರಚನೆಯಾಯಿತು. ಅದು 2013ರ ಏಪ್ರಿಲ್‌ನಲ್ಲಿ ನೀಡಿದ ವರದಿಯು ಘಟ್ಟ ಪ್ರದೇಶದ ಸುಮಾರು ಶೇ. 37 ಭಾಗವನ್ನು, ಅಂದರೆ ಹತ್ತಿರಹತ್ತಿರ 60,000 ಚದರ ಕಿಲೋಮೀಟರನ್ನು ಮಾತ್ರ ಸೂಕ್ಷ್ಮವೆಂದು ಗುರುತಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಹತ್ತು ಜಿಲ್ಲೆಗಳ 1,576 ಗ್ರಾಮಗಳು. ಇವುಗಳಲ್ಲಿ ಸಾವಿರಕ್ಕೂ ಹೆಚ್ಚು ಗ್ರಾಮಗಳು ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳಿಗೇ ಸೇರಿವೆ.

ವ್ಯಾಪ್ತಿ ಕಡಿಮೆಯಾದರೂ ವಿರೋಧ ತಗ್ಗಲಿಲ್ಲ. ಇದಕ್ಕೆ ಬಲವಾದ ಒಂದು ಕಾರಣವಿದೆ ಮತ್ತು ಅದನ್ನು ವದಂತಿಯೆಂದು ತಳ್ಳಿಹಾಕಲಾಗದು. ಕಾರ್ಯತಂಡವು ಉಪಗ್ರಹ ಚಿತ್ರಗಳ ಆಧಾರದ ಮೇಲೆ ನೈಸರ್ಗಿಕ ಭೂಭಾಗವನ್ನು ಗುರುತಿಸಿ, ಒಂದು ಗ್ರಾಮದ ವಿಸ್ತೀರ್ಣದಲ್ಲಿ ಶೇ. 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಆ ಬಗೆಯದಾಗಿದ್ದರೆ ಇಡೀ ಗ್ರಾಮವನ್ನೇ ಪಟ್ಟಿಗೆ ಸೇರಿಸಿತು. ಮೇಲಿನಿಂದ ನೋಡುವ ಉಪಗ್ರಹಕ್ಕೆ ನೆರಳು ಮರಗಳ ಕೆಳಗಿನ ಕಾಫಿ ತೋಟವೂ ಕಾಡಿನ ಹಸಿರೇ. ತಲೆಮಾರುಗಳಿಂದ ಬೆಳೆಸಿದ ತೋಟವನ್ನು ಕಾಡೆಂದು ಬರೆದುಕೊಂಡರು ಎಂಬ ಬೆಳೆಗಾರರ ದೂರಿನಲ್ಲಿ ತಥ್ಯವಿತ್ತು. ಸರ್ವೆ ನಂಬರ್‌ವಾರು ನಕ್ಷೆಯನ್ನು ಗ್ರಾಮ ಪಂಚಾಯಿತಿಯ ಮುಂದಿಟ್ಟು ಪರಿಶೀಲಿಸಿದ್ದರೆ ಆ ದೂರಿನ ಬಹುಭಾಗ ಅಲ್ಲಿಯೇ ಇತ್ಯರ್ಥವಾಗಬಹುದಿತ್ತು. ಬದಲಾಗಿ ರಾಜ್ಯ ಸರ್ಕಾರವು ಗ್ರಾಮಸಭೆಗಳಿಂದ ಬೇಕು, ಬೇಡ ಎಂಬ ಅಭಿಪ್ರಾಯವನ್ನಷ್ಟೇ ಕೇಳಿತು. ಬಹುಪಾಲು ಬೇಡವೆಂದೇ ಉತ್ತರ ಬಂದಿತು. 2020ರ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಚಿಕ್ಕಮಗಳೂರು ಜಿಲ್ಲೆಯ ಕೆಲವು ಗ್ರಾಮಗಳು ಮತದಾನ ಬಹಿಷ್ಕಾರದ ಮಾರ್ಗ ಹಿಡಿದವು.

ಕೇರಳದಲ್ಲಿ ವಿರೋಧ ಇನ್ನೂ ಉಗ್ರವಾಗಿತ್ತು. 2013ರ ನವೆಂಬರ್‌ನಲ್ಲಿ ತಾಮರಶ್ಶೇರಿಯ ಅರಣ್ಯ ಕಚೇರಿಗೆ ಬೆಂಕಿ ಬಿದ್ದಿತು. 2014ರ ಲೋಕಸಭಾ ಚುನಾವಣೆಯಲ್ಲಿ ಇಡುಕ್ಕಿಯಿಂದ ಇದೇ ಹೋರಾಟದ ಅಭ್ಯರ್ಥಿಯು ಎಡರಂಗದ ಬೆಂಬಲದೊಡನೆ ಪಕ್ಷೇತರರಾಗಿ ಗೆದ್ದರು. ಈ ಫಲಿತಾಂಶದ ಪಾಠವನ್ನು ಘಟ್ಟದ ಉದ್ದಕ್ಕೂ ಎಲ್ಲ ಪಕ್ಷಗಳೂ ಕಲಿತವು. ಕರ್ನಾಟಕದಲ್ಲಿ ಕಾಂಗ್ರೆಸ್ ಮತ್ತು ಭಾಜಪ ಸರ್ಕಾರಗಳೆರಡೂ ವರದಿಯನ್ನು ಒಂದೇ ದನಿಯಲ್ಲಿ ವಿರೋಧಿಸಿವೆ; ಇತರ ವಿಷಯಗಳಲ್ಲಿ ಇಂತಹ ಸಹಮತ ಕಾಣಸಿಗುವುದು ಅಪರೂಪ. ಹೆಚ್ಚಿನ ಪ್ರದೇಶ ಅರಣ್ಯ ಹಾಗೂ ವನ್ಯಜೀವಿ ಕಾಯ್ದೆಗಳಡಿ ಈಗಾಗಲೇ ರಕ್ಷಿತವಾಗಿರುವಾಗ ಇನ್ನೊಂದು ಕಾನೂನು ಏಕೆ ಎಂಬುದು ರಾಜ್ಯದ ವಾದ.

ಹಾಗಾದರೆ ಕರಡಿನಲ್ಲಿ ನಿಜವಾಗಿ ನಿಷೇಧಿಸಿರುವುದೇನು? ಪಟ್ಟಿ ಚಿಕ್ಕದು. ಗಣಿಗಾರಿಕೆ, ಕಲ್ಲು ಕ್ವಾರಿ ಮತ್ತು ಮರಳು ತೆಗೆಯುವಿಕೆ ಸಂಪೂರ್ಣ ನಿಷಿದ್ಧ. ಚಾಲ್ತಿಯಲ್ಲಿರುವ ಗಣಿಗಳು ಅಂತಿಮ ಅಧಿಸೂಚನೆಯಿಂದ ಐದು ವರ್ಷಗಳೊಳಗೆ ಅಥವಾ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ, ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಅವಕಾಶವಿಲ್ಲ. 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಕಟ್ಟಡಗಳಿಗೆ, 50 ಹೆಕ್ಟೇರ್ ಮತ್ತು ಅದಕ್ಕೂ ಮೇಲ್ಪಟ್ಟ ಬಡಾವಣೆಗಳಿಗೆ ಅವಕಾಶವಿಲ್ಲ. ಹೊಸ ಕೆಂಪು ವರ್ಗದ ಕೈಗಾರಿಕೆಗಳೂ, ಇರುವವುಗಳ ವಿಸ್ತರಣೆಯೂ ನಿಷಿದ್ಧ. ಆದರೆ ಇರುವ ಘಟಕಗಳು ನಿಯಮಾನುಸಾರ ಮುಂದುವರಿಯಬಹುದು. ವಾಸದ ಮನೆಗಳ ದುರಸ್ತಿ, ವಿಸ್ತರಣೆಗೆ ಅಡ್ಡಿಯಿಲ್ಲ. ಆಸ್ತಿಯ ಮಾರಾಟಕ್ಕೂ, ಕೃಷಿಗೂ, ತೋಟಗಾರಿಕೆಗೂ, ಬ್ಯಾಂಕ್ ಸಾಲಕ್ಕೂ ಈ ಪಟ್ಟಿಯಲ್ಲಿ ನಿಷೇಧವಿಲ್ಲ.

ಸಣ್ಣ ಉದ್ಯಮಿಗೆ ನಿಜವಾದ ಪೆಟ್ಟು ಬೀಳುವುದು ಎಲ್ಲಿ ಎಂಬುದಕ್ಕೆ ಜಲ್ಲಿ ಕ್ರಷರ್ ಒಳ್ಳೆಯ ಉದಾಹರಣೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ವರ್ಗೀಕರಣದಲ್ಲಿ ಡಿಸ್ಟಿಲರಿ, ಸಕ್ಕರೆ, ಸಿಮೆಂಟ್, ಚರ್ಮ ಹದಗೊಳಿಸುವ ಘಟಕಗಳು ಕೆಂಪು ವರ್ಗದಲ್ಲಿದ್ದರೆ, ಕ್ರಷರ್ ಇದ್ದದ್ದು ಕಿತ್ತಳೆ ವರ್ಗದಲ್ಲಿ. ಅಂದರೆ ಯಂತ್ರಕ್ಕೆ ನೇರ ನಿಷೇಧವಿಲ್ಲ, ಯಂತ್ರಕ್ಕೆ ಬೇಕಾದ ಕಲ್ಲಿಗೆ ನಿಷೇಧವಿದೆ. ಕಲ್ಲನ್ನು ಘಟ್ಟದ ಹೊರಗಿನಿಂದ ಲಾರಿಯಲ್ಲಿ ತರಬೇಕಾದರೆ ಸಾಗಣೆ ವೆಚ್ಚವೇ ಘಟಕದ ಲಾಭವನ್ನು ತಿಂದುಹಾಕುತ್ತದೆ. ಪಟ್ಟಿಯಲ್ಲಿರುವ ಗ್ರಾಮಗಳ ಕೆಂಪುಕಲ್ಲು ಮತ್ತು ಹೊಳೆ ಮರಳಿನ ವ್ಯಾಪಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆದ್ದರಿಂದ ವಿರೋಧದ ಹಿಂದೆ ಕೃಷಿಕರ ಆತಂಕದ ಜೊತೆಗೆ ಕ್ವಾರಿ ಮತ್ತು ಮರಳಿನ ಹಿತಾಸಕ್ತಿಯೂ ಇದೆ. ವೇದಿಕೆಯ ಮೇಲೆ ಮಾತ್ರ ಮೊದಲನೆಯದರ ಹೆಸರೇ ಕೇಳಿಬರುತ್ತದೆ. ವರ್ಗೀಕರಣದ ಪಟ್ಟಿಯೂ ಸ್ಥಿರವಲ್ಲ. 2025ರಲ್ಲಿ ಮಂಡಳಿಯು ಅದನ್ನು ಪರಿಷ್ಕರಿಸಿ ನೀಲಿ ಎಂಬ ಹೊಸ ವರ್ಗವನ್ನು ಸೇರಿಸಿದೆ. ಹೂಡಿಕೆಗೆ ಮುನ್ನ ತಮ್ಮ ಘಟಕದ ವರ್ಗ ಯಾವುದೆಂದು ಚಾಲ್ತಿಯ ಪಟ್ಟಿಯಲ್ಲಿಯೇ ನೋಡಿಕೊಳ್ಳುವುದು ಉಚಿತ.

ಇನ್ನು ತಿರಸ್ಕಾರದ ಫಲವೇನು? 2014, 2015, 2017, 2018, 2022 ಮತ್ತು 2024 ಹೀಗೆ ಆರು ಬಾರಿ ಕರಡು ಹೊರಟಿದೆ. ಕರಡು ಪ್ರಕಟವಾದ ಮೇಲೆ ನಿಗದಿತ ಅವಧಿಯೊಳಗೆ (ಮೊದಲು 545 ದಿನ, ನಂತರ 725 ದಿನ) ಅಂತಿಮ ಆದೇಶ ಬಾರದಿದ್ದರೆ ಅದು ಅಸಿಂಧುವಾಗುತ್ತದೆ. ಮತ್ತೆ ಹೊಸ ಕರಡು, ಮತ್ತೆ 60 ದಿನಗಳ ಆಕ್ಷೇಪಣೆ. ಆದರೆ 2013ರ ನವೆಂಬರ್ 13ರಂದೇ ಸಚಿವಾಲಯವು ಪರಿಸರ ಸಂರಕ್ಷಣಾ ಕಾಯ್ದೆಯ 5ನೆಯ ಪ್ರಕರಣದಡಿ ನಿರ್ದೇಶನ ಹೊರಡಿಸಿ, ಮೇಲೆ ಹೇಳಿದ ಬಗೆಯ ಹೊಸ ಯೋಜನೆಗಳಿಗೆ ತಡೆ ಹಾಕಿತ್ತು. 2018ರ ಆಗಸ್ಟ್‌ನಲ್ಲಿ, ಕೇರಳ ಮತ್ತು ಕೊಡಗು ಪ್ರವಾಹದಿಂದ ತತ್ತರಿಸಿದ್ದ ದಿನಗಳಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕರಡಿನ ವ್ಯಾಪ್ತಿಯನ್ನು ಕುಗ್ಗಿಸಬಾರದು, ಸೂಕ್ಷ್ಮ ಪ್ರದೇಶಕ್ಕೆ ಹಾನಿಯಾಗುವ ಚಟುವಟಿಕೆಗಳಿಗೆ ಅನುಮತಿ ನೀಡಬಾರದು ಎಂದು ಆದೇಶಿಸಿತು. ಒಟ್ಟಿನಲ್ಲಿ ಕಾನೂನು ಅಂತಿಮವಾಗದೆಯೂ ತಡೆ ಬಂದಿತು. ಅಂತಿಮವಾಗದ ಕಾರಣ ಗ್ರಾಮಗಳ ಪಟ್ಟಿಯ ತಪ್ಪು ತಿದ್ದುವ ಕೆಲಸ ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿತು. ಬಂಡವಾಳ ಹೂಡುವವನಿಗೆ ಇದಕ್ಕಿಂತ ಕೆಟ್ಟ ಸ್ಥಿತಿಯಿಲ್ಲ.

ನೆರೆಯ ಕೇರಳದ ನಡೆ ಇಲ್ಲಿ ಗಮನಾರ್ಹ. ಬೀದಿಯಲ್ಲಿ ಅಷ್ಟು ಗದ್ದಲವಿದ್ದರೂ ಆ ಸರ್ಕಾರವು ಉಮ್ಮನ್ ವಿ. ಉಮ್ಮನ್ ಸಮಿತಿಯ ಮೂಲಕ ಸ್ಥಳ ಪರಿಶೀಲನೆ ನಡೆಸಿ, ಜನವಸತಿ ಮತ್ತು ತೋಟಗಳನ್ನು ಬಿಡಿಸಿ, ತನ್ನ ಪಾಲಿನ 13,108 ಚದರ ಕಿಲೋಮೀಟರ್ ವ್ಯಾಪ್ತಿಯನ್ನು 2014ರ ಮೊದಲ ಕರಡಿನಲ್ಲಿಯೇ 9,993.7ಕ್ಕೆ ಇಳಿಸಿಕೊಂಡಿತು. ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ, ಗಣಿಯ ಧೂಳಿಗೆ ಬೇಸತ್ತ 25 ಗ್ರಾಮಸಭೆಗಳು ತಮ್ಮನ್ನು ಸೂಕ್ಷ್ಮ ಪ್ರದೇಶಕ್ಕೆ ಸೇರಿಸಿರೆಂದು ತಾವಾಗಿಯೇ ಠರಾವು ಮಾಡಿದ್ದವು. ಅದೇ ರಾಜ್ಯದ ಮಹಾಬಲೇಶ್ವರ ಮತ್ತು ಪಂಚಗಣಿಯಲ್ಲಿ, 2001ರ ಅಧಿಸೂಚನೆಯ ನಂತರ, ಸಣ್ಣಪುಟ್ಟ ಅನುಮತಿಗೂ ಲಂಚ ಕೊಡಬೇಕಾಯಿತೆಂಬ ದೂರುಗಳನ್ನು ಗಾಡ್ಗೀಳ್ ಸಮಿತಿಯೇ ದಾಖಲಿಸಿದೆ. ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಅನುಭವವಿರುವ ವರ್ತಕ ಸಮುದಾಯಕ್ಕೆ ಈ ಭಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕರಡಿಗೆ ಆಕ್ಷೇಪಣೆ ಸಲ್ಲಿಸುವ ಹಕ್ಕು ಸರ್ಕಾರಕ್ಕಷ್ಟೇ ಅಲ್ಲ, ಯಾವುದೇ ನಾಗರಿಕನಿಗೂ ಸಂಘಸಂಸ್ಥೆಗೂ ಇದೆ. ತಮ್ಮ ಗ್ರಾಮ ಪಟ್ಟಿಯಲ್ಲಿದೆಯೇ, ಶೇ. 20ರ ಲೆಕ್ಕದಲ್ಲಿ ತೋಟದ ಹಸಿರೂ ಸೇರಿದೆಯೇ, ಘಟಕದ ಸರ್ವೆ ನಂಬರ್ ಗಡಿಯೊಳಗೆ ಬರುತ್ತದೆಯೇ ಎಂಬ ವಿವರಗಳನ್ನು ಪಹಣಿ ಮತ್ತು ಗ್ರಾಮ ನಕ್ಷೆಯೊಡನೆ ಲಗತ್ತಿಸಿ ಸಲ್ಲಿಸಿದ ಅರ್ಜಿಗೆ, ಇಡೀ ವರದಿಯೇ ಬೇಡವೆಂಬ ಠರಾವಿಗಿಂತ ಹೆಚ್ಚಿನ ತೂಕವಿರುತ್ತದೆ.